ಅಮೆರಿಕದ ಕಪ್ಪು ಮಹಿಳೆಯರ ಆರೋಗ್ಯ ಮತ್ತು ಅಲ್ಲಿನ 'ಆಶಾ'ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಕಪ್ಪು ಮಹಿಳೆಯರು ಹೆರಿಗೆ ಹೊತ್ತಲ್ಲಿ, ಬಾಣಂತನದಲ್ಲಿ ಸಾಯುವುದು ಜಾಸ್ತಿ ಅಂತ ಹೇಳಿದರೆ ನಮ್ಮವರು ಮೊದಲು ಕೇಳುವುದು 'ಅಷ್ಟು ದೊಡ್ಡ ದೇಶದಲ್ಲೂ ಹೀಗಾ?' ಅಂತ. ಎರಡನೇ ಪ್ರಶ್ನೆ, 'ಅಲ್ಲಿ ಆಶಾ ಇಲ್ವಾ?' ಎರಡೂ ಒಳ್ಳೆಯ ಪ್ರಶ್ನೆಗಳೇ. ಅಲ್ಲಿಂದಲೇ ಶುರು ಮಾಡೋಣ.

ಸಮಸ್ಯೆ ನಿಜಕ್ಕೂ ಎಷ್ಟು ದೊಡ್ಡದು?

2023ರಲ್ಲಿ ಅಮೆರಿಕದಲ್ಲಿ ಒಂದು ಲಕ್ಷ ಜೀವಂತ ಹೆರಿಗೆಗೆ 50.3 ಕಪ್ಪು ತಾಯಂದಿರು ತೀರಿಕೊಂಡರು. ಬಿಳಿಯರಲ್ಲಿ ಈ ಸಂಖ್ಯೆ 14.5. ಅಂದರೆ ಸುಮಾರು ಮೂರೂವರೆ ಪಟ್ಟು. ನಮ್ಮ ಪಕ್ಕದ ಕೇರಳದಲ್ಲಿ 2018-20ರ ಲೆಕ್ಕ 19 ಇತ್ತು. ಎರಡು ದೇಶಗಳು ಲೆಕ್ಕ ಹಾಕುವ ರೀತಿ ಬೇರೆ, ಹಾಗಾಗಿ ತಕ್ಕಡಿಯಲ್ಲಿಟ್ಟು ತೂಗಬಾರದು ನಿಜ. ಆದರೂ ಆಸ್ಪತ್ರೆಗಳಿಗೆ ಅಷ್ಟೊಂದು ದುಡ್ಡು ಸುರಿಯುವ ದೇಶ ಅದು.

ಹೆರಿಗೆ ಒಂದೇ ಅಲ್ಲ. ಸ್ತನ ಕ್ಯಾನ್ಸರ್ ಬಿಳಿಯರಿಗಿಂತ ಕಪ್ಪು ಮಹಿಳೆಯರಲ್ಲಿ ಸ್ವಲ್ಪ ಕಡಿಮೆಯೇ ಕಾಣಿಸುತ್ತದೆ. ಆದರೆ ಅದರಿಂದ ಸಾಯುವವರ ಪ್ರಮಾಣ ಸುಮಾರು 40% ಜಾಸ್ತಿ. ರೋಗ ಕಡಿಮೆ, ಸಾವು ಜಾಸ್ತಿ ಅಂದರೆ ನಡುವೆ ಎಲ್ಲೋ ಏನೋ ತಪ್ಪುತ್ತಿದೆ ಅಂತಲೇ ಅರ್ಥ.

ತಾಯಂದಿರ ಸಾವಿನ ಬಗ್ಗೆ ಇನ್ನೊಂದು ಮಾತು. ಅಮೆರಿಕದ ರಾಜ್ಯಗಳಲ್ಲಿ ಪ್ರತಿ ಸಾವಿನ ಫೈಲು ತೆಗೆದು ನೋಡುವ ಸಮಿತಿಗಳಿವೆ. 2017ರಿಂದ 2019ರವರೆಗಿನ ಸಾವುಗಳಲ್ಲಿ ಐದರಲ್ಲಿ ನಾಲ್ಕಕ್ಕೂ ಹೆಚ್ಚು ತಪ್ಪಿಸಬಹುದಾಗಿದ್ದವು ಅಂತ ಆ ಸಮಿತಿಗಳೇ ಬರೆದಿವೆ. ಅರ್ಧಕ್ಕಿಂತ ಹೆಚ್ಚು ಸಾವುಗಳು ಆದದ್ದು ಹೆರಿಗೆಯಾಗಿ ಒಂದು ವಾರದಿಂದ ಒಂದು ವರ್ಷದೊಳಗೆ. ಅಂದರೆ ಲೇಬರ್ ವಾರ್ಡಿನಲ್ಲಿ ಅಲ್ಲ, ತಾಯಿ ಮಗು ಮನೆಗೆ ಬಂದ ಮೇಲೆ. ಮನೆ ಬಾಗಿಲಿಗೆ ಹೋಗುವವರು ಯಾಕೆ ಬೇಕು ಅನ್ನುವುದಕ್ಕೆ ಇದೊಂದೇ ಅಂಕಿ ಸಾಕು.

ಇದೆಲ್ಲ ಬಡತನದಿಂದ ಅಲ್ವಾ?

ಬಡತನವೂ ಇದೆ. ಆದರೆ ಅದೊಂದೇ ಆಗಿದ್ದರೆ ಓದಿದವರು, ದುಡ್ಡಿದ್ದವರು ಬಚಾವಾಗಬೇಕಿತ್ತು. ನ್ಯೂಯಾರ್ಕ್ ನಗರದ 2008-2012ರ ಲೆಕ್ಕ ನೋಡಿ. ಕಾಲೇಜು ಮುಗಿಸಿದ ಕಪ್ಪು ಮಹಿಳೆಯರಿಗೆ ಹೆರಿಗೆಯಲ್ಲಿ ಆಗುವ ಗಂಭೀರ ತೊಂದರೆಗಳು, ಹೈಸ್ಕೂಲನ್ನೂ ಮುಗಿಸದ ಬಿಳಿ ಮಹಿಳೆಯರಿಗಿಂತ ಹೆಚ್ಚಾಗಿದ್ದವು.

ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ಗೊತ್ತಲ್ಲ? 2017ರಲ್ಲಿ ಮಗಳು ಹುಟ್ಟಿದ ಮರುದಿನ ಅವರಿಗೆ ಉಸಿರು ಕಟ್ಟತೊಡಗಿತು. ರಕ್ತ ಹೆಪ್ಪುಗಟ್ಟುವ ತೊಂದರೆ ಅವರಿಗೆ ಮೊದಲೇ ಇತ್ತು. 'ಸಿಟಿ ಸ್ಕ್ಯಾನ್ ಮಾಡಿ, ರಕ್ತ ತೆಳುವಾಗುವ ಔಷಧಿ ಕೊಡಿ' ಅಂತ ಅವರೇ ಕೇಳಿದರು. ನೋವಿನ ಮಾತ್ರೆಯ ಮಂಪರಿನಲ್ಲಿ ಏನೋ ಹೇಳುತ್ತಿದ್ದಾರೆ ಅಂದುಕೊಂಡರಂತೆ ನರ್ಸ್. ಕೊನೆಗೆ ಸ್ಕ್ಯಾನ್ ಮಾಡಿದರೆ ಶ್ವಾಸಕೋಶದಲ್ಲಿ ಹೆಪ್ಪು ಇತ್ತು. ಸೆರೆನಾ ಪಟ್ಟು ಹಿಡಿದರು, ಬದುಕಿದರು.

ಅದೇ ವರ್ಷ ಜನವರಿಯಲ್ಲಿ ಡಾ. ಶಾಲೊನ್ ಅರ್ವಿಂಗ್ ತೀರಿಕೊಂಡರು. ವಯಸ್ಸು 36. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯಲ್ಲಿ ಸಂಶೋಧಕಿ. ಆರೋಗ್ಯದಲ್ಲಿನ ಅಸಮಾನತೆಯೇ ಅವರ ವಿಷಯವಾಗಿತ್ತು. ಹೆರಿಗೆಯಾಗಿ ಮೂರು ವಾರವಷ್ಟೇ ಆಗಿತ್ತು, ಬಿಪಿ ಏರಿತ್ತು, ಆ ಮೂರು ವಾರದಲ್ಲಿ ಅವರು ಮತ್ತೆ ಮತ್ತೆ ವೈದ್ಯರ ಬಳಿ ಹೋಗಿದ್ದರು. ಇವರಿಗೆ ಮಾಹಿತಿ ಕೊರತೆ ಇತ್ತು ಅಂತ ಯಾರೂ ಹೇಳುವಂತಿಲ್ಲ. ಮಾಹಿತಿ ಇತ್ತು, ಇನ್ಶೂರೆನ್ಸ್ ಇತ್ತು. ಆಕೆ ಹೇಳಿದ್ದನ್ನು ಕೇಳಿ ತಕ್ಷಣ ಕೈ ಹಿಡಿಯುವವರು ಇರಲಿಲ್ಲ.

ದೇಹದಲ್ಲೇ ಏನಾದರೂ ವ್ಯತ್ಯಾಸ ಇರಬಹುದಲ್ವಾ?

ಕೆಲವು ರೋಗಗಳು ಕಪ್ಪು ಮಹಿಳೆಯರಲ್ಲಿ ಜಾಸ್ತಿ, ಅದು ನಿಜ. ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆಗಳು, ಹೆರಿಗೆ ಮುಂಚಿನ ಬಿಪಿ ತೊಂದರೆ, ಮತ್ತು 'ಟ್ರಿಪಲ್ ನೆಗೆಟಿವ್' ಅನ್ನುವ ಹಟಮಾರಿ ಸ್ತನ ಕ್ಯಾನ್ಸರ್. ಆದರೆ 'ಅವರ ದೇಹವೇ ಬೇರೆ' ಅನ್ನುವ ಮಾತಿನ ಹಿಂದೆ ಕೆಟ್ಟ ಇತಿಹಾಸ ಇದೆ, ಅದು ಇನ್ನೂ ಮುಗಿದಿಲ್ಲ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ವೈದ್ಯರನ್ನೂ ಕೇಳಿದಾಗ, ಅರ್ಧದಷ್ಟು ಜನ ಇಂಥ ಒಂದಾದರೂ ಸುಳ್ಳನ್ನು ನಂಬಿದ್ದರು. 'ಕಪ್ಪು ಜನರ ಚರ್ಮ ದಪ್ಪ' ಅನ್ನುವುದು ಅದರಲ್ಲೊಂದು. ಹಾಗೆ ನಂಬಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಅಂತ ಅಂದಾಜು ಮಾಡಿದರು.

ಮಷಿನ್‌ಗೂ ಇದು ಬಿಟ್ಟಿಲ್ಲ. ಕೋವಿಡ್‌ನಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ಇದೆಯಲ್ಲ, ಅದು ಕಪ್ಪು ಚರ್ಮದವರಲ್ಲಿ ಆಮ್ಲಜನಕ ಇಳಿದಿರುವುದನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ತಪ್ಪಿಸಿಬಿಡುತ್ತದೆ ಅಂತ 2020ರಲ್ಲಿ ಗೊತ್ತಾಯಿತು.

ಸರಿ, ಈ ಸಮುದಾಯ ಆರೋಗ್ಯ ಕಾರ್ಯಕರ್ತೆ ಅಂದರೆ ಯಾರು?

ಅಲ್ಲಿ 'ಕಮ್ಯುನಿಟಿ ಹೆಲ್ತ್ ವರ್ಕರ್' ಅನ್ನುತ್ತಾರೆ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಅದೇ ಬೀದಿಯಲ್ಲಿ, ಅದೇ ಚರ್ಚಿನಲ್ಲಿ, ಅದೇ ಬಸ್ಸಿನಲ್ಲಿ ಓಡಾಡುವವಳು. ಯಾವ ಅಂಗಡಿಯಲ್ಲಿ ಹಾಲಿನ ಪುಡಿ ಸಿಗುತ್ತದೆ, ಯಾವ ಮನೆ ಮಾಲೀಕ ಬೂಷ್ಟು ಹಿಡಿದ ಗೋಡೆ ಸರಿಮಾಡಿಸುವುದಿಲ್ಲ, ಯಾವ ಕ್ಲಿನಿಕ್‌ನಲ್ಲಿ ಸಂಜೆ ಆರರ ಮೇಲೂ ನೋಡುತ್ತಾರೆ, ಎಲ್ಲ ಗೊತ್ತಿರುತ್ತದೆ. ತರಬೇತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್‌ನಲ್ಲಿ ಸರ್ಟಿಫಿಕೇಟ್‌ಗೆ 160 ಗಂಟೆ ಕಲಿಯಬೇಕು. ಆದರೆ ಆ ಬೀದಿಯ ಪರಿಚಯವನ್ನು ಯಾವ 160 ಗಂಟೆಯೂ ಕಲಿಸುವುದಿಲ್ಲ.

ಮನೆಗೆ ಹೋಗಿ ಏನು ಮಾಡುತ್ತಾಳೆ? ಸುಮ್ನೆ ಮಾತಾಡಿಸಿ ಬರ್ತಾಳಾ?

ಮಾತಾಡಿಸುವುದೇ ದೊಡ್ಡ ಕೆಲಸ. ಮುಂದೆ ಹೇಳುವುದು ಯಾರೋ ಒಬ್ಬರ ಕಥೆಯಲ್ಲ. ಇಂಥ ಭೇಟಿಗಳು ಹೇಗೆ ನಡೆಯುತ್ತವೆ ಅಂತ ಕಣ್ಣಮುಂದೆ ತಂದುಕೊಳ್ಳಲು ಒಂದು ಉದಾಹರಣೆ.

ಎರಡನೇ ಮಹಡಿಯ ಬಾಡಿಗೆ ಮನೆ. ಹೆರಿಗೆಯಾಗಿ ಎಂಟು ದಿನ. ಸೋಫಾ ಮೇಲೆ ಒಗೆದ ಬಟ್ಟೆಯ ರಾಶಿ, ಮೂರು ವರ್ಷದ ದೊಡ್ಡ ಮಗ ಟಿವಿ ಮುಂದೆ. ಕಾರ್ಯಕರ್ತೆ ಬಂದವಳೇ ಫಾರ್ಮ್ ತೆಗೆಯುವುದಿಲ್ಲ. ಮಗುವನ್ನು ಎತ್ತಿಕೊಳ್ಳುತ್ತಾಳೆ, 'ರಾತ್ರಿ ನಿದ್ದೆ ಆಯ್ತಾ?' ಅನ್ನುತ್ತಾಳೆ. 'ಇಲ್ಲಕ್ಕ, ನಿನ್ನೆಯಿಂದ ಒಂದೇ ಸಮನೆ ತಲೆನೋವು. ನಿದ್ದೆಗೆಟ್ಟು ಇರಬೇಕು.' ಕಾರ್ಯಕರ್ತೆ ಮಗುವನ್ನು ತೊಟ್ಟಿಲಿಗೆ ಹಾಕಿ ಚೀಲದಿಂದ ಬಿಪಿ ಮಷಿನ್ ತೆಗೆಯುತ್ತಾಳೆ.

ಇಲ್ಲೊಂದು ಸಣ್ಣ ವಿಷಯ. ತೋಳು ದಪ್ಪ ಇದ್ದು ಪಟ್ಟಿ ಚಿಕ್ಕದಾದರೆ ಬಿಪಿ ಇಲ್ಲದ್ದೂ ಇದೆ ಅಂತ ತೋರಿಸುತ್ತದೆ. ಅದಕ್ಕೆ ಚೀಲದಲ್ಲಿ ಎರಡು ಅಳತೆಯ ಪಟ್ಟಿ. ಬೆನ್ನು ಒರಗಿಸಿ, ಕಾಲು ನೆಲಕ್ಕೆ ತಾಗಿಸಿ, ಐದು ನಿಮಿಷ ಮಾತಿಲ್ಲದೆ ಕೂರಿಸುತ್ತಾಳೆ. 158/102. ಇನ್ನೊಂದು ಸಲ ನೋಡಿದರೆ 154/100. ಇದು ನಿದ್ದೆಗೆಟ್ಟ ತಲೆನೋವಲ್ಲ. ಹೆರಿಗೆಯಾದ ಮೇಲೂ, ಆರು ವಾರದವರೆಗೂ, ಗರ್ಭನಂಜು (ಬಿಪಿ ಏರುವ 'ಪ್ರಿ-ಎಕ್ಲಾಂಪ್ಸಿಯಾ') ಬರಬಹುದು. ಫಿಟ್ಸ್‌ಗೆ ಹೋದರೆ ಜೀವಕ್ಕೇ ಅಪಾಯ.

ಆಕೆ ರೋಗ ಇಂಥದ್ದು ಅಂತ ಹೇಳುವಂತಿಲ್ಲ, ಮಾತ್ರೆ ಕೊಡುವಂತಿಲ್ಲ. ಫೋನ್ ಮಾಡುತ್ತಾಳೆ. ಆ ಕಡೆಯ ದನಿ, 'ಆರು ವಾರದ ಚೆಕಪ್‌ಗೆ ಡೇಟ್ ಕೊಟ್ಟಿದೆಯಲ್ಲ, ಆಗ ಬನ್ನಿ.' ತಾಯಿ ಒಬ್ಬಳೇ ಮಾಡಿದ್ದರೆ ಫೋನ್ ಅಲ್ಲಿಗೇ ಇಡುತ್ತಿದ್ದಳೋ ಏನೋ. ಕಾರ್ಯಕರ್ತೆ ಹೇಳುವುದು ಹೀಗೆ: 'ಬಾಣಂತಿ, ಎಂಟನೇ ದಿನ. ಎರಡು ಸಲ ನೋಡಿದೆ, 158/102, 154/100. ನಿನ್ನೆಯಿಂದ ತಲೆನೋವು. ಡ್ಯೂಟಿ ನರ್ಸ್‌ಗೆ ಕೊಡಿ, ಕಾಯುತ್ತೇನೆ.' ನರ್ಸ್ 'ಈಗಲೇ ಕರೆತನ್ನಿ' ಅನ್ನುತ್ತಾರೆ.

ಆಮೇಲೆ ನಿಜವಾದ ಕೆಲಸ. ಮೂರು ವರ್ಷದ ಮಗನನ್ನು ಯಾರು ನೋಡಿಕೊಳ್ಳಬೇಕು? ಕೆಳಗಿನ ಮನೆಯ ಅಜ್ಜಿಯನ್ನು ಕೇಳಬೇಕು. ಬಡವರ ಇನ್ಶೂರೆನ್ಸ್ ಮೆಡಿಕೇಡ್‌ನಲ್ಲಿ ಆಸ್ಪತ್ರೆಗೆ ಹೋಗಲು ಗಾಡಿ ಕೊಡುತ್ತಾರೆ, ಆದರೆ ಸಾಮಾನ್ಯವಾಗಿ ಕೆಲವು ದಿನ ಮುಂಚೆ ಹೇಳಿರಬೇಕು. ತಲೆನೋವು ಮುಂಚೆ ಹೇಳಿ ಬರುತ್ತಾ? ಟ್ಯಾಕ್ಸಿ ಕೂಪನ್ ಅವಳ ಚೀಲದಲ್ಲೇ ಇರುತ್ತದೆ. ಜೊತೆಗೆ ಹತ್ತುತ್ತಾಳೆ.

ಇದನ್ನೆಲ್ಲ ಯಾವ ಕಂಪ್ಯೂಟರಿನಲ್ಲೂ 'ಚಿಕಿತ್ಸೆ' ಅಂತ ಬರೆಯಲು ಜಾಗ ಇರುವುದಿಲ್ಲ.

ಗರ್ಭಿಣಿ ಇರುವಾಗಲೇ ಏನಾದರೂ ಮಾಡಬಹುದಾ?

ಒಂದು ಅಗ್ಗದ ವಿಷಯ ಹೇಳುತ್ತೇನೆ. ಗರ್ಭನಂಜಿನ ಅಪಾಯ ಇರುವವರಿಗೆ ಮೂರು ತಿಂಗಳು ತುಂಬಿದ ಮೇಲೆ ದಿನಕ್ಕೊಂದು 81 ಮಿಲಿಗ್ರಾಂ ಆಸ್ಪಿರಿನ್ ಕೊಡಬೇಕು ಅಂತ ಅಮೆರಿಕದ ತಜ್ಞರ ಸಮಿತಿ 2014ರಲ್ಲೇ ಹೇಳಿದೆ, 2021ರಲ್ಲಿ ಮತ್ತೆ ಹೇಳಿತು. ಮಾತ್ರೆಗೆ ಕೆಲವು ಪೈಸೆ. ಆದರೆ ಚೀಟಿಯಲ್ಲಿ ಬರೆಯಲು ಮರೆಯುವವರಿದ್ದಾರೆ, ಬರೆದರೂ 'ಬಸುರಿಯಲ್ಲಿ ಆಸ್ಪಿರಿನ್ನಾ?' ಅಂತ ಹೆದರಿ ಬಿಡುವವರಿದ್ದಾರೆ. 'ನನಗೆ ಆಸ್ಪಿರಿನ್ ಬೇಕಾ ಅಂತ ಡಾಕ್ಟರನ್ನು ಕೇಳು' ಅಂತ ಕಾರ್ಯಕರ್ತೆ ಹೇಳಿಕೊಟ್ಟರೆ ಅರ್ಧ ಕೆಲಸ ಆಯಿತು. ಡಾಕ್ಟರನ್ನು ಕೇಳದೆ ಯಾರೂ ತಾವಾಗಿ ಶುರು ಮಾಡಬಾರದು, ಅದು ಬೇರೆ ಮಾತು.

ಆಸ್ಪತ್ರೆ ಹೇಳಿದ್ದನ್ನು ನಂಬದೆ ಇವಳನ್ನೇ ಯಾಕೆ ನಂಬುತ್ತಾರೆ?

ನಂಬದಿರಲು ಕಾರಣ ಇದೆ. ಸ್ತ್ರೀರೋಗ ಶಾಸ್ತ್ರದ ಪಿತಾಮಹ ಅಂತ ಕರೆಸಿಕೊಂಡ ಜೆ. ಮ್ಯಾರಿಯನ್ ಸಿಮ್ಸ್ ಅನ್ನುವ ವೈದ್ಯ 1845ರಿಂದ 1849ರವರೆಗೆ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಗುಲಾಮ ಹೆಣ್ಣುಮಕ್ಕಳ ಮೇಲೆ ಅರಿವಳಿಕೆ ಇಲ್ಲದೆ ಆಪರೇಷನ್ ಪ್ರಯೋಗ ಮಾಡಿದ. ಅನಾರ್ಕಾ, ಬೆಟ್ಸಿ, ಲೂಸಿ ಅನ್ನುವ ಮೂರು ಹೆಸರು ಉಳಿದಿವೆ. ಅನಾರ್ಕಾ ಒಬ್ಬಳ ಮೇಲೇ ಸುಮಾರು 30 ಸಲ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ನಿಂತಿದ್ದ ಅವನ ಪ್ರತಿಮೆ ತೆಗೆದದ್ದು 2018ರಲ್ಲಿ!

ಹಳೆಯ ಕಥೆ ಅನ್ನಬೇಡಿ. ಮತದಾನದ ಹಕ್ಕಿಗಾಗಿ ಹೋರಾಡಿದ ಫ್ಯಾನಿ ಲೂ ಹೇಮರ್ 1961ರಲ್ಲಿ ಮಿಸಿಸಿಪ್ಪಿಯಲ್ಲಿ ಗಡ್ಡೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೋದರು. ಕೇಳದೆ ಗರ್ಭಕೋಶವನ್ನೇ ತೆಗೆದು ಕಳಿಸಿದರು. ಇದು ಎಷ್ಟು ಮಾಮೂಲಾಗಿತ್ತು ಅಂದರೆ ಜನ ಅದಕ್ಕೆ 'ಮಿಸಿಸಿಪ್ಪಿ ಅಪೆಂಡಿಕ್ಸ್ ಆಪರೇಷನ್' ಅಂತ ಹೆಸರಿಟ್ಟಿದ್ದರು. ಆ ತಲೆಮಾರಿನ ಅಜ್ಜಿಯರು ಇಂದಿನ ಬಾಣಂತಿಯರಿಗೆ 'ಹುಷಾರು' ಅನ್ನುತ್ತಾರೆ.

ಅದಕ್ಕೂ ಮುಂಚೆ ದಕ್ಷಿಣದ ರಾಜ್ಯಗಳಲ್ಲಿ ಹೆರಿಗೆ ಮಾಡಿಸುತ್ತಿದ್ದವರು ಕಪ್ಪು ಸೂಲಗಿತ್ತಿಯರು. 'ಗ್ರ್ಯಾನಿ ಮಿಡ್‌ವೈಫ್' ಅನ್ನುತ್ತಿದ್ದರು. ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ನೆನಪಿಸಿಕೊಳ್ಳಿ, ಅಂಥ ತಾಯಂದಿರು. ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅಲ್ಲಿನವರನ್ನು 20ನೇ ಶತಮಾನದಲ್ಲಿ ಕೊಳಕರು, ಮೂಢರು ಅಂತ ಹೇಳಿ ಲೈಸೆನ್ಸ್ ನಿಯಮಗಳ ಮೂಲಕ ಒಬ್ಬೊಬ್ಬರನ್ನಾಗಿ ಹೊರಗಟ್ಟಿದರು. ಅವರ ಜೊತೆ ಊರಿನ ನಂಬಿಕೆಯೂ ಆಸ್ಪತ್ರೆಯ ಹೊರಗೇ ಉಳಿಯಿತು. ಇವತ್ತಿನ ಕಾರ್ಯಕರ್ತೆ ನಿಂತಿರುವುದು ಆ ಖಾಲಿ ಜಾಗದಲ್ಲಿ.

ಇದು ಹೊಸ ಯೋಜನೆಯಾ?

ಅಲ್ಲ. 1960ರ ದಶಕದಲ್ಲಿ ಜ್ಯಾಕ್ ಗೈಗರ್ ಅನ್ನುವ ವೈದ್ಯರು ಮಿಸಿಸಿಪ್ಪಿಯ ಮೌಂಡ್ ಬಾಯೂನಲ್ಲಿ ಆರೋಗ್ಯ ಕೇಂದ್ರ ಕಟ್ಟಿದರು. ಗುಲಾಮಗಿರಿಯಿಂದ ಬಿಡುಗಡೆಯಾದವರೇ 1887ರಲ್ಲಿ ಕಟ್ಟಿಕೊಂಡ ಊರು ಅದು. ಊರಿನವರನ್ನೇ ಆರೋಗ್ಯದ ಕೆಲಸಕ್ಕೆ ಸೇರಿಸಿಕೊಳ್ಳುವ ಈ ವಿದ್ಯೆಯನ್ನು ಗೈಗರ್ ಕಲಿತದ್ದು ದಕ್ಷಿಣ ಆಫ್ರಿಕಾದ ಫೋಲೆಲಾದಲ್ಲಿ, ಜುಲು ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದ ಸಿಡ್ನಿ ಮತ್ತು ಎಮಿಲಿ ಕಾರ್ಕ್ ದಂಪತಿಯ ಬಳಿ. ಆಫ್ರಿಕಾದಿಂದ ಅಮೆರಿಕಕ್ಕೆ ಹೋದ ವಿದ್ಯೆ ಇದು.

ಮೌಂಡ್ ಬಾಯೂನಲ್ಲಿ ಮಕ್ಕಳು ಹಸಿವಿನಿಂದ ಸೊರಗಿದ್ದರು. ವೈದ್ಯರು ಔಷಧಿ ಚೀಟಿಯಲ್ಲಿ ಹಾಲು, ತರಕಾರಿ, ಮಾಂಸ ಅಂತ ಬರೆದರು. ದಿನಸಿ ಅಂಗಡಿಯವರು ಚೀಟಿ ನೋಡಿ ಸಾಮಾನು ಕೊಟ್ಟರು, ಬಿಲ್ಲು ಕೇಂದ್ರದ ಔಷಧಿ ಖಾತೆಗೆ ಬಂತು. ಸರ್ಕಾರದವರು ತಕರಾರು ತೆಗೆದಾಗ ಗೈಗರ್ ಕೊಟ್ಟ ಉತ್ತರ ಪ್ರಸಿದ್ಧ: ಹಸಿವಿನ ರೋಗಕ್ಕೆ ಪಠ್ಯಪುಸ್ತಕದಲ್ಲಿರುವ ಔಷಧಿ ಊಟವೇ ತಾನೆ?

ಇದರಿಂದ ಉಪಯೋಗ ಆಗಿದೆ ಅನ್ನುವುದಕ್ಕೆ ಆಧಾರ ಏನು?

ನ್ಯೂಯಾರ್ಕ್ ನಗರದ ಹಾರ್ಲೆಮ್‌ನಿಂದ ಶುರು ಮಾಡುತ್ತೇನೆ. ಅಲ್ಲಿನ ಆಸ್ಪತ್ರೆಗೆ 1964ರಿಂದ 1986ರವರೆಗೆ ಸ್ತನ ಕ್ಯಾನ್ಸರ್ ಅಂತ ಬಂದವರಲ್ಲಿ ಹೆಚ್ಚಿನವರು ಬಡ ಕಪ್ಪು ಮಹಿಳೆಯರು. ಐದು ವರ್ಷ ಬದುಕಿದವರು 39% ಮಾತ್ರ. ಅರ್ಧದಷ್ಟು ಜನ ಬಂದದ್ದೇ ರೋಗ ಬಲಿತ ಮೇಲೆ. ಡಾ. ಹ್ಯಾರಲ್ಡ್ ಫ್ರೀಮನ್ ಕಡಿಮೆ ದರದ, ಉಚಿತದ ತಪಾಸಣೆ ಶುರು ಮಾಡಿದರು. 1990ರಲ್ಲಿ ಇನ್ನೊಂದು ಹೆಜ್ಜೆ: ಗಂಟು ಇದೆ ಅಂತ ಗೊತ್ತಾದವಳ ಜೊತೆ ಬಯಾಪ್ಸಿ, ಆಪರೇಷನ್‌ವರೆಗೆ ಓಡಾಡಲು ಊರಿನವರನ್ನೇ ನೇಮಿಸಿದರು. 1995-2000ರಲ್ಲಿ ಬಂದವರಲ್ಲಿ ಐದು ವರ್ಷ ಬದುಕಿದವರು 70%. ತಪಾಸಣೆ, ಒಡನಾಟ ಎರಡೂ ಸೇರಿ ಆದ ಫಲ ಇದು, ಒಂದಕ್ಕೇ ಕೀರ್ತಿ ಕೊಡಲಾಗದು.

ಓಹಾಯೊದ ರಿಚ್‌ಲ್ಯಾಂಡ್ ಕೌಂಟಿಯಲ್ಲಿ ಮನೆಗೆ ಹೋಗುವ ಕಾರ್ಯಕರ್ತೆಯರಿದ್ದ ಗರ್ಭಿಣಿಯರಲ್ಲಿ ಕಡಿಮೆ ತೂಕದ ಮಕ್ಕಳು 6.1%. ಅಂಥದೇ ಸ್ಥಿತಿಯ, ಆದರೆ ಕಾರ್ಯಕರ್ತೆ ಇಲ್ಲದವರಲ್ಲಿ 13%. ದುಡ್ಡಿನ ಲೆಕ್ಕ ಕೇಳುವವರಿಗೆ ಫಿಲಡೆಲ್ಫಿಯಾದ ಡಾ. ಶ್ರೇಯಾ ಕಂಗೋವಿ ತಂಡದ 2020ರ ಲೆಕ್ಕ ಇದೆ: ಹಾಕಿದ ಒಂದು ಡಾಲರ್‌ಗೆ ಮೆಡಿಕೇಡ್‌ಗೆ ವರ್ಷದೊಳಗೆ 2.47 ಡಾಲರ್ ವಾಪಸ್. ನನಗಂತೂ ಈ ಲೆಕ್ಕ ಮೊದಲು ಕೇಳುವವರನ್ನು ಕಂಡರೆ ಸ್ವಲ್ಪ ಸಿಟ್ಟು ಬರುತ್ತದೆ. ಐಸಿಯು ಕಟ್ಟುವಾಗ ಯಾರೂ ಹೀಗೆ ಕೇಳುವುದಿಲ್ಲ.

ಡೂಲಾ ಅಂದರೂ ಇದೇನಾ?

ಅಲ್ಲ. ಡೂಲಾ ಹೆರಿಗೆ ಹೊತ್ತಿನ ಸಂಗಾತಿ. ಕಾರ್ಯಕರ್ತೆಯ ಕೆಲಸ ವರ್ಷಗಟ್ಟಲೆ, ಮತ್ತು ಬಿಪಿ, ಶುಗರ್, ಕ್ಯಾನ್ಸರ್ ತಪಾಸಣೆ, ಮನೆ ಬಾಡಿಗೆವರೆಗೂ. ಎರಡೂ ಕಲಿತವರೂ ಇದ್ದಾರೆ.

ಕಾರ್ಯಕರ್ತೆ ಕಪ್ಪು ಮಹಿಳೆಯೇ ಆಗಿರಬೇಕಾ?

ಆಗಿದ್ದರೆ ಒಳ್ಳೆಯದು. ಆದರೆ ಬಣ್ಣ ಒಂದಾದರೆ ಸಾಲದು. ಊರಾಚೆಯ ದೊಡ್ಡ ಬಂಗಲೆಯಿಂದ ಕಾರಿನಲ್ಲಿ ಬರುವವಳಿಗಿಂತ ಅದೇ ಬಸ್ಸಿಗೆ ಕಾಯುವವಳು ಬೇಗ ಅರ್ಥ ಮಾಡಿಕೊಳ್ಳುತ್ತಾಳೆ.

ಸಂಬಳ ಯಾರು ಕೊಡುತ್ತಾರೆ? ನಮ್ಮ ಆಶಾಗಳಿಗಿಂತ ಪರವಾಗಿಲ್ವಾ?

ಸಂಬಳ ಪರವಾಗಿಲ್ಲ, ವರ್ಷಕ್ಕೆ ಸುಮಾರು 50 ಸಾವಿರ ಡಾಲರ್. ಅಲ್ಲಿನ ಬಾಡಿಗೆ ನೋಡಿದರೆ ಅದೂ ದೊಡ್ಡದಲ್ಲ. ಕಾಟ ಕೊಡುವುದು ಕೆಲಸದ ಅಭದ್ರತೆ. ಬಹಳಷ್ಟು ಹುದ್ದೆಗಳು ಎರಡು ಮೂರು ವರ್ಷದ ಗ್ರಾಂಟ್ ಮೇಲೆ ನಡೆಯುತ್ತವೆ. ಗ್ರಾಂಟ್ ಮುಗಿದರೆ ಕೆಲಸವೂ ಮುಗಿಯಿತು. ಬಾಣಂತಿ ನಂಬಿ ಫೋನ್ ಮಾಡಿದರೆ ಆ ನಂಬರ್ ಬಂದ್. ಹಾಗಾಗುವುದಕ್ಕಿಂತ ಮೊದಲೇ ಹೋಗದಿದ್ದರೆ ವಾಸಿ ಅನ್ನಿಸುತ್ತದೆ.

ಸ್ವಲ್ಪ ಬದಲಾಗುತ್ತಿದೆ. ಮಿನೆಸೋಟಾ 2007ರಲ್ಲೇ ಮೆಡಿಕೇಡ್‌ನಿಂದ ಹಣ ಕೊಡಲು ಕಾನೂನು ಮಾಡಿತು, ಕ್ಯಾಲಿಫೋರ್ನಿಯಾ 2022ರ ಜುಲೈನಿಂದ ಕೊಡುತ್ತಿದೆ. ಹೆರಿಗೆ ನಂತರದ ಮೆಡಿಕೇಡ್ ಮುಂಚೆ 60 ದಿನಕ್ಕೆ ನಿಲ್ಲುತ್ತಿತ್ತು. 2021ರ ಕಾಯ್ದೆಯ ನಂತರ ಬಹುತೇಕ ಎಲ್ಲ ರಾಜ್ಯಗಳೂ ಒಂದು ವರ್ಷ ಮಾಡಿವೆ. ಇನ್ನೊಂದು ಕಡೆ 2025ರ ಜುಲೈನ ಕಾಯ್ದೆ ಮೆಡಿಕೇಡ್ ಖರ್ಚಿಗೇ ಕತ್ತರಿ ಹಾಕಿದೆ.

ನಮ್ಮಲ್ಲಿ 2005ರಿಂದ ಆಶಾ ಇದ್ದಾರೆ, ಹಳ್ಳಿಯಲ್ಲಿ ಸಾವಿರ ಜನಕ್ಕೆ ಒಬ್ಬರಂತೆ. ಅಲ್ಲಿ ಅಷ್ಟು ದಟ್ಟ ಜಾಲ ಇಲ್ಲ. ಆದರೆ ನಾವು ಅವರನ್ನು ಇವತ್ತಿಗೂ 'ಸ್ವಯಂಸೇವಕಿ' ಅನ್ನುತ್ತೇವೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಟ್ಟಿತು, 2025ರ ಜನವರಿಯಲ್ಲಿ ಅದೇ ಆಶಾಗಳು ತಿಂಗಳಿಗೆ 15 ಸಾವಿರ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಮಲಗಿದರು. ಮಾತಿನಲ್ಲಿ ಹೊಗಳಿ ಸಂಬಳದಲ್ಲಿ ಕೈ ಬಿಗಿ ಹಿಡಿಯುವುದರಲ್ಲಿ ಎರಡೂ ದೇಶ ಒಂದೇ.

ಹಾಗಾದರೆ ಕಾರ್ಯಕರ್ತೆಯರನ್ನು ಹೆಚ್ಚಿಸಿದರೆ ಎಲ್ಲ ಸರಿ ಹೋಗುತ್ತಾ?

ಇಲ್ಲ. ಮೇಲಿನ ಉದಾಹರಣೆಯಲ್ಲಿ ನರ್ಸ್ 'ಕರೆತನ್ನಿ' ಅಂದರು. ಅನ್ನದಿದ್ದರೆ? ಕಾರ್ಯಕರ್ತೆ ಮನೆಯಲ್ಲಿ ಕೇಳಿಸಿಕೊಂಡದ್ದನ್ನು ಆಸ್ಪತ್ರೆ ಕೇಳಿಸಿಕೊಳ್ಳದಿದ್ದರೆ, ಕೇಳಿಸದೆ ಹೋದವರ ಸಾಲಿಗೆ ಇನ್ನೊಬ್ಬಳು ಸೇರಿದಳು ಅಷ್ಟೇ. ಹಾಗಾಗಿ ಅವಳ ಕೈಗೆ ವಾರ್ಡಿನ ನೇರ ನಂಬರ್ ಬೇಕು. ಅವಳು ಬರೆದದ್ದು ರೋಗಿಯ ಫೈಲಿನಲ್ಲಿ ಡಾಕ್ಟರ್ ಕಣ್ಣಿಗೆ ಬೀಳಬೇಕು. ಸಾವಿನ ಫೈಲು ನೋಡುವ ಸಮಿತಿಯಲ್ಲಿ ಅವಳಿಗೊಂದು ಕುರ್ಚಿ ಬೇಕು. ಇಷ್ಟಿಲ್ಲದೆ ನೂರು ಜನರನ್ನು ನೇಮಿಸಿದರೆ, ಆಸ್ಪತ್ರೆಯ ತಪ್ಪಿಗೆ ಬೈಸಿಕೊಳ್ಳಲು ನೂರು ಜನ ಸಿಕ್ಕಂತಾಗುತ್ತದೆ.

ನಾನು ಅಮೆರಿಕದಲ್ಲಿರುವ ಕನ್ನಡತಿ. ನನಗೂ ಇದಕ್ಕೂ ಏನು?

ನೀವು ಅಲ್ಲಿ ಡಾಕ್ಟರ್, ನರ್ಸ್, ಅಥವಾ ಆಸ್ಪತ್ರೆಯ ಸಾಫ್ಟ್‌ವೇರ್ ಬರೆಯುವವರಾಗಿದ್ದರೆ ಫೋನಿನ ಆ ಕಡೆ ಇರುವವರು ನೀವೇ. ಬಿಪಿ ಸಂಖ್ಯೆ ಹೇಳಿ ಕಾಯುತ್ತಿರುವ ಹೆಣ್ಣುಮಗಳನ್ನು ಎಷ್ಟು ಹೊತ್ತು ಹೋಲ್ಡ್‌ನಲ್ಲಿಡುತ್ತೀರಿ ಅನ್ನುವುದು ನಿಮ್ಮ ಕೈಯಲ್ಲಿದೆ.

ಬಾಣಂತಿಯಲ್ಲಿ ಏನು ಕಂಡರೆ ಕಾಯಬಾರದು?

ಯಾವ ಬಣ್ಣದವರಾದರೂ, ಯಾವ ದೇಶದಲ್ಲಾದರೂ ಇದು ಒಂದೇ. ಮಾತ್ರೆಗೂ ಬಗ್ಗದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು. ಎದೆನೋವು, ಉಸಿರುಗಟ್ಟುವುದು. ಒಂದೇ ಕಾಲು ಊದಿ ನೋಯುವುದು. ಒಂದು ಗಂಟೆಯಲ್ಲಿ ಪ್ಯಾಡ್ ಪೂರ್ತಿ ನೆನೆಯುವುದು. 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಜ್ವರ. ತನಗೋ ಮಗುವಿಗೋ ಏನಾದರೂ ಮಾಡಿಬಿಡಬೇಕು ಅನ್ನಿಸುವುದು. ಬಿಪಿಯ ಮೇಲಿನ ಸಂಖ್ಯೆ 160 ಅಥವಾ ಕೆಳಗಿನದು 110 ಮುಟ್ಟಿದರೆ ಬೇರೆ ಯಾವ ಲಕ್ಷಣ ಇಲ್ಲದಿದ್ದರೂ ಎಮರ್ಜೆನ್ಸಿಗೇ ಹೋಗಬೇಕು. ಅಮೆರಿಕದಲ್ಲಿ 911, ನಮ್ಮಲ್ಲಿ 108.

ಎಮರ್ಜೆನ್ಸಿ ಕೌಂಟರಿನಲ್ಲಿ ಹೆಸರಿಗೂ ಮುಂಚೆ ಹೇಳಬೇಕಾದ ಮಾತು: 'ನನಗೆ ಹೆರಿಗೆಯಾಗಿ ಇಷ್ಟು ದಿನ ಆಗಿದೆ.' ಮಗು ಜೊತೆಗಿಲ್ಲದಿದ್ದರೆ ಅಲ್ಲಿ ಕೂತವರಿಗೆ ಅದು ಗೊತ್ತಾಗುವುದೇ ಇಲ್ಲ. ಹೆರಿಗೆಯಾಗಿ ಹನ್ನೊಂದು ತಿಂಗಳಾಗಿದ್ದರೂ ಹೇಳಿ.